ಗೋಪಾಲ ಕೋಪಾಲನಾದ ಲೆಕ್ಕ

ಕನ್ನಡ ಶಾಲೆಯ ಮಗು ಎಷ್ಟು ಅಕ್ಷರ ಕಲಿಯುತ್ತದೆ? ಯಾರನ್ನು ಕೇಳಿದರೂ ಥಟ್ಟನೆ ಬರುವ ಉತ್ತರ 49. ಸ್ವರ 13, ಯೋಗವಾಹ 2, ವ್ಯಂಜನ 34. ಆದರೆ ಆ ಮಗು ನಿಜವಾಗಿ ಓದಬಲ್ಲ, ಬರೆಯಬಲ್ಲ ರೂಪಗಳನ್ನು ಎಣಿಸಹೊರಟರೆ ಲೆಕ್ಕವೇ ಬೇರೆಯಾಗುತ್ತದೆ. ಕಾಗುಣಿತದಲ್ಲಿ ಒಂದೊಂದು ವ್ಯಂಜನಕ್ಕೆ 15 ರೂಪಗಳು. 34 ವ್ಯಂಜನಗಳಿಗೆ 510 ರೂಪಗಳಾದವು. ಇನ್ನು ಒಂದು ವ್ಯಂಜನಕ್ಕೆ ಇನ್ನೊಂದನ್ನು ಒತ್ತು ಕೊಟ್ಟರೆ 34ನ್ನು 34ರಿಂದ ಗುಣಿಸಿ 1,156. ಅವಕ್ಕೂ ಕಾಗುಣಿತ ಸೇರಿಸಿದರೆ 17,340. ಇವುಗಳಲ್ಲಿ ಬಹುಪಾಲು ಯಾವ ಪದದಲ್ಲೂ ಬರುವುದಿಲ್ಲ, ನಿಜ. ಆದರೆ ಒಂದು ವೇಳೆ ಬಂದರೆ ಮಗು ತಡವರಿಸದೆ ಓದುತ್ತದೆ.

ಹದಿನೇಳು ಸಾವಿರ ರೂಪಗಳನ್ನು ಯಾವ ಮೇಷ್ಟರೂ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿಲ್ಲ. ಅವರು ಕಲಿಸಿದ್ದು 49 ಅಕ್ಷರ, ಒಂದಿಷ್ಟು ಚಿಹ್ನೆ, ಮತ್ತು ಅವನ್ನು ಜೋಡಿಸುವ ಕ್ರಮ. ಜೊತೆಗೆ ಕೆಲವು ಅಪವಾದಗಳನ್ನೂ ಕಲಿಸಿದರು. ‘ಕು’ ಬರೆಯುವಾಗ ಪಕ್ಕಕ್ಕೆ ಹೋಗುವ ಕೊಂಬು ‘ಪು’, ‘ವು’ ಬರೆಯುವಾಗ ಕೆಳಗಿಳಿಯುತ್ತದೆ ಎಂಬುದು ಅಂಥದೊಂದು. ನಿಯಮ ಒಂದು, ಅಪವಾದ ನಾಲ್ಕಾರು, ಫಲ ಸಾವಿರಾರು. ವ್ಯಾಕರಣವೂ ಇದೇ ದಾರಿಯದು. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’, ‘ಬೆಟ್ಟ’ ಮತ್ತು ‘ತಾವರೆ’ ಸೇರಿ ‘ಬೆಟ್ಟದಾವರೆ’. ಇಂಥ ಪದಗಳ ಉದ್ದನೆಯ ಪಟ್ಟಿ ಕೊಡುವ ಬದಲು, ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುತ್ತವೆ ಎಂದು ವ್ಯಾಕರಣ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಅದೇ ಆದೇಶ ಸಂಧಿ.

ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರ ಮುಂದೆಯೂ ದಿನನಿತ್ಯ ಇದೇ ಸಮಸ್ಯೆ ಬರುತ್ತದೆ. ಒಂದೇ ಬಗೆಯ ಸಾಲನ್ನು ಒಂದೆರಡು ಪದ ಬದಲಿಸಿ ನೂರು ಸಲ ಬರೆಯಬೇಕಾದ ಸಂದರ್ಭ. ಬರೆಯುವುದು ಬೇಸರದ ಕೆಲಸ ಎಂಬುದು ಸಣ್ಣ ತೊಂದರೆ. ನೂರರಲ್ಲಿ ಎಂಬತ್ತಮೂರನೆಯ ಸಾಲಿನಲ್ಲಿ ಕೈತಪ್ಪಿದರೆ ಅದನ್ನು ಹುಡುಕುವುದೇ ದೊಡ್ಡ ತೊಂದರೆ. ಹಾಗಾದರೆ ಬರೆಯುವ ಆ ಕೆಲಸವನ್ನೇ ಇನ್ನೊಂದು ಪ್ರೋಗ್ರಾಮಿಗೆ ಒಪ್ಪಿಸಬಾರದೇಕೆ? ಪ್ರೋಗ್ರಾಮು ಬರೆಯುವ ಪ್ರೋಗ್ರಾಮು! ಇದಕ್ಕೆ ಮೆಟಾಪ್ರೋಗ್ರಾಮಿಂಗ್ ಎಂದು ಹೆಸರು.

ಟೂಲ್ ರೂಮಿನ ಪಾಠ

ಹೆಸರು ಕೇಳಿ ಹೆದರಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದವರಿಗೆ ಈ ವಿಚಾರ ಹೊಸದೇನಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಕೆಜಿಎಫ್ ಘಟಕದಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ನಂಥ ಭಾರೀ ಯಂತ್ರಗಳು ತಯಾರಾಗುತ್ತವೆ. ಅಲ್ಲಿ ಅಥವಾ ಅಂಥ ಯಾವುದೇ ಕಾರ್ಖಾನೆಯಲ್ಲಿ ದುಡಿದವರು ಮನೆಯಲ್ಲಿದ್ದರೆ ‘ಜಿಗ್’ ಎಂದರೇನು ಎಂದು ಕೇಳಿ ನೋಡಿ. ಒಂದು ಉಕ್ಕಿನ ಫಲಕದಲ್ಲಿ ಎಂಟು ತೂತು ಕೊರೆಯಬೇಕು, ಅಂಥ ಫಲಕಗಳು ಐನೂರು ಬೇಕು ಎಂದುಕೊಳ್ಳೋಣ. ಪ್ರತಿ ಫಲಕಕ್ಕೂ ಅಳತೆಪಟ್ಟಿ ಹಿಡಿದು ಗುರುತು ಹಾಕುತ್ತ ಕುಳಿತರೆ ಕೆಲಸ ಮುಗಿಯುವುದಿಲ್ಲ. ಮೇಲಾಗಿ ಒಂದರಂತೆ ಇನ್ನೊಂದು ಬರುವುದಿಲ್ಲ. ಆದ್ದರಿಂದ ಮೊದಲು ಎಂಟು ತೂತುಗಳ ಜಾಗವನ್ನು ಕರಾರುವಾಕ್ಕಾಗಿ ತೋರಿಸುವ ಒಂದು ಗಟ್ಟಿ ಚೌಕಟ್ಟನ್ನು ಮಾಡುತ್ತಾರೆ. ಅದೇ ಜಿಗ್. ಫಲಕವನ್ನು ಅದರೊಳಗೆ ಇಟ್ಟು ಕೊರೆದರೆ ಐನೂರೂ ಒಂದೇ ಅಚ್ಚು.

ಇಂಥ ಸಾಧನಗಳನ್ನು ಮಾಡುವ ವಿಭಾಗವೇ ಟೂಲ್ ರೂಮ್. ಅಲ್ಲಿನ ಕುಶಲಕರ್ಮಿ ಬುಲ್ಡೋಜರಿನ ಭಾಗ ಮಾಡುವುದಿಲ್ಲ. ಆ ಭಾಗವನ್ನು ಮಾಡುವ ಸಾಧನವನ್ನು ಮಾಡುತ್ತಾನೆ. ಮೆಟಾಪ್ರೋಗ್ರಾಮಿಂಗ್ ಎಂಬುದು ಪ್ರೋಗ್ರಾಮುಗಳ ಟೂಲ್ ರೂಮ್. ಟೂಲ್ ರೂಮಿನವರು ಹೇಳುವ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ಕೈಯಿಂದ ಕೊರೆದಾಗ ತಪ್ಪಾದರೆ ಒಂದು ಫಲಕ ಹಾಳು. ಜಿಗ್ಗೇ ತಪ್ಪಿದ್ದರೆ ಐನೂರೂ ಹಾಳು.

ಅಕ್ಷರಕ್ಕೆ ಅಂಕಿಯ ವೇಷ

ಈಗ ಒಂದು ನಿಜವಾದ ಉದಾಹರಣೆಯನ್ನು ಹಂತಹಂತವಾಗಿ ನೋಡೋಣ. ಅದಕ್ಕೂ ಇದೇ ಊರು ಬಹಳ ಒಗ್ಗುತ್ತದೆ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ ಗಣಿಗಳಲ್ಲಿ ದುಡಿಯಲು ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲೆಸಿದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಭಾಷೆಗಳು ಮಾತ್ರ ಉಳಿದವು. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕೇಳಿಸುತ್ತವೆ. ಇಂಥ ಕಡೆ ಒಂದು ಲಿಪಿಯಲ್ಲಿರುವ ಹೆಸರನ್ನು ಇನ್ನೊಂದು ಲಿಪಿಗೆ ತಿರುಗಿಸುವ ಪ್ರೋಗ್ರಾಮು ಎಷ್ಟು ಉಪಯುಕ್ತ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ಗೊತ್ತು. ಆದ್ದರಿಂದ ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಕ್ರಮಸಂಖ್ಯೆ ಕೊಡಲಾಗಿದೆ. ಈ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಇಂದು ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಕ್ಷರ, ಚಿಹ್ನೆಗಳಿವೆ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು. ಇವುಗಳಲ್ಲಿ ‘ಕ’ ಅಕ್ಷರದ ಸಂಖ್ಯೆ 3221.

ಇಲ್ಲೊಂದು ಸ್ವಾರಸ್ಯವಿದೆ. ತೆಲುಗಿನ ‘ಕ’ 3093, ತಮಿಳಿನ ‘ಕ’ 2965. ಕನ್ನಡದ ಸಂಖ್ಯೆಯಿಂದ 128 ಕಳೆದರೆ ತೆಲುಗು, 256 ಕಳೆದರೆ ತಮಿಳು! ‘ಮ’ ತೆಗೆದುಕೊಳ್ಳಿ. ಕನ್ನಡದಲ್ಲಿ 3246, ತೆಲುಗಿನಲ್ಲಿ 3118, ತಮಿಳಿನಲ್ಲಿ 2990. ಮತ್ತೆ ಅದೇ 128, ಅದೇ 256. ಇದು ಆಕಸ್ಮಿಕವಲ್ಲ. ಬ್ರಾಹ್ಮಿಯಿಂದ ಬಂದ ಭಾರತೀಯ ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ ಎಂಬುದನ್ನು ಗಮನಿಸಿ, ಎಲ್ಲಕ್ಕೂ ಹೊಂದುವ ಒಂದೇ ಸಂಕೇತ ಪದ್ಧತಿಯನ್ನು 1980ರ ದಶಕದಲ್ಲಿ ನಮ್ಮ ದೇಶದಲ್ಲಿ ರೂಪಿಸಲಾಯಿತು. ಅದೇ ಇಸ್ಕಿ. 1991ರಲ್ಲಿ ಅದು 13194ನೆಯ ಸಂಖ್ಯೆಯ ಭಾರತೀಯ ಮಾನಕವಾಯಿತು. ಯೂನಿಕೋಡ್ ರಚಿಸಿದವರು ಇಸ್ಕಿಯ ಈ ಜೋಡಣೆಯನ್ನೇ ಅನುಸರಿಸಿದರು. ಹಾಗಾಗಿ ಒಂದೊಂದು ಲಿಪಿಗೆ 128 ಮನೆಗಳ ಒಂದೊಂದು ಓಣಿ, ಎಲ್ಲ ಓಣಿಗಳಲ್ಲೂ ‘ಕ’ ಇರುವುದು ಅದೇ ಕ್ರಮದ ಮನೆಯಲ್ಲಿ.

ಮೊದಲ ಮೆಟ್ಟಿಲು: ನಕಲು, ಎರಡನೆಯದು: ಫಲನ

ಹೊಸದಾಗಿ ಪ್ರೋಗ್ರಾಮು ಕಲಿತವನೊಬ್ಬ ಕನ್ನಡವನ್ನು ತೆಲುಗಿಗೆ ತಿರುಗಿಸಲು ಹೊರಟರೆ ಹೀಗೆ ಬರೆಯಬಹುದು:

ತೆಲುಗು(3221) = 3093
ತೆಲುಗು(3222) = 3094
ತೆಲುಗು(3223) = 3095

ಹೀಗೆಯೇ ವ್ಯಂಜನಗಳಿಗೆ 34 ಸಾಲು, ಸ್ವರಗಳಿಗೆ, ಕಾಗುಣಿತದ ಚಿಹ್ನೆಗಳಿಗೆ ಮತ್ತಷ್ಟು. ಕೆಲಸವೇನೋ ನಡೆಯುತ್ತದೆ. ಆದರೆ ಸ್ವಲ್ಪ ಯೋಚಿಸಿದವನು ಅಷ್ಟೂ ಸಾಲುಗಳನ್ನು ಅಳಿಸಿ ಒಂದೇ ಸಾಲು ಬರೆಯುತ್ತಾನೆ:

ತೆಲುಗು(ಸಂ) = ಸಂ − 128

ಗಣಿತದಲ್ಲಿ ಇದನ್ನೇ ಫಲನ ಅಥವಾ ಫಂಕ್ಷನ್ ಎನ್ನುತ್ತಾರೆ. ಒಂದು ಬೆಲೆ ಕೊಟ್ಟರೆ ಒಂದು ಬೆಲೆ ಹೊರಬರುತ್ತದೆ. ಇಂದು ಕೊಟ್ಟರೂ, ನಾಳೆ ಕೊಟ್ಟರೂ, ಬೇರೆ ಯಂತ್ರದಲ್ಲಿ ಕೊಟ್ಟರೂ ಅದೇ ಉತ್ತರ. ಇಂಥ ಫಲನಗಳನ್ನೇ ಇಟ್ಟಿಗೆಗಳಾಗಿ ಇಟ್ಟುಕೊಂಡು ಇಡೀ ಪ್ರೋಗ್ರಾಮನ್ನು ಕಟ್ಟುವ ಭಾಷೆಗಳಿಗೆ ಫಂಕ್ಷನಲ್ ಭಾಷೆಗಳು ಎಂದು ಹೆಸರು. ಅಮೆರಿಕದ ಜಾನ್ ಮೆಕಾರ್ಥಿ 1958ರಲ್ಲಿ ಆರಂಭಿಸಿದ ಲಿಸ್ಪ್ ಈ ಮನೆತನದ ಹಿರಿಯಜ್ಜ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ದೂರವಾಣಿ ಕೇಂದ್ರಗಳಿಗಾಗಿ 1980ರ ದಶಕದಲ್ಲಿ ಹುಟ್ಟಿದ ಅರ್ಲಾಂಗ್, ಅದರ ಬೆನ್ನ ಮೇಲೆ ಬ್ರೆಜಿಲ್ ದೇಶದ ಜೋಸೆ ವಾಲಿಮ್ ಕಟ್ಟಿದ ಎಲಿಕ್ಸಿರ್ ಈ ಮನೆತನದವೇ. ಎಲಿಕ್ಸಿರ್ ಭಾಷೆಯ 1.0 ಆವೃತ್ತಿ ಬಂದದ್ದು 2014ರಲ್ಲಿ. ಎಲಿಕ್ಸಿರ್ ಎಂದರೆ ಕೀಳು ಲೋಹವನ್ನು ಚಿನ್ನವಾಗಿಸುತ್ತದೆ ಎಂದು ಹಿಂದಿನ ರಸವಾದಿಗಳು ನಂಬಿದ್ದ ಸಿದ್ಧರಸ. ಚಿನ್ನದ ಊರಿನ ಲೇಖನಕ್ಕೆ ತಕ್ಕ ಹೆಸರೇ ಸರಿ.

ಇಲ್ಲಿಯವರೆಗೆ ಮೆಟಾಪ್ರೋಗ್ರಾಮಿಂಗ್ ಬಂದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸರಳ ಫಲನವೊಂದರಿಂದ ಪುನರಾವರ್ತನೆ ತಪ್ಪುವುದಾದರೆ ಅಷ್ಟೇ ಸಾಕು. ನಾಲ್ಕು ತೂತಿಗೆ ಯಾರೂ ಜಿಗ್ ಮಾಡಿಸುವುದಿಲ್ಲ. ಫಲನದಿಂದ ಆಗುವ ಕೆಲಸಕ್ಕೆ ಮ್ಯಾಕ್ರೊ ಬರೆಯಬೇಡಿ ಎಂಬುದು ಎಲಿಕ್ಸಿರ್ ಬಲ್ಲವರು ಹೊಸಬರಿಗೆ ಹೇಳುವ ಮೊದಲ ಬುದ್ಧಿಮಾತು.

ಮೂರನೆಯ ಮೆಟ್ಟಿಲು: ತಮಿಳಿನ ಖಾಲಿ ಮನೆಗಳು

ತೆಲುಗಿನಷ್ಟು ಸುಲಭವಾಗಿ ತಮಿಳು ಒಗ್ಗುವುದಿಲ್ಲ. ‘ಕೋಲಾರ’ ಎಂಬ ಪದದಿಂದ ಪ್ರಾರಂಭಿಸೋಣ. ಅದರ ಕ್ರಮಸಂಖ್ಯೆಗಳು 3221, 3275, 3250, 3262, 3248. ಒಂದೊಂದರಿಂದಲೂ 256 ಕಳೆದರೆ ತಮಿಳಿನಲ್ಲಿ ‘ಕೋಲಾರ’ ಸರಿಯಾಗಿ ಮೂಡುತ್ತದೆ. ಅದೇ ಲೆಕ್ಕವನ್ನು ‘ಬಂಗಾರಪೇಟೆ’ಗೆ ಮಾಡಿದರೆ ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತೇವೆ. ‘ಬ’ ಸಂಖ್ಯೆ 3244. ಅದರಿಂದ 256 ಕಳೆದರೆ 2988. ತಮಿಳಿನ ಓಣಿಯಲ್ಲಿ ಆ ಮನೆ ಖಾಲಿ! ‘ಗ’ ಅಕ್ಷರದ್ದೂ ಅದೇ ಪಾಡು.

ಕಾರಣ ಸರಳ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಹಾಗೆಯೇ ಟವರ್ಗ, ತವರ್ಗ, ಪವರ್ಗಗಳಲ್ಲೂ ನಾಲ್ಕರ ಬದಲು ಒಂದೊಂದು. ಚವರ್ಗದಲ್ಲಿ ಮಾತ್ರ ‘ಜ’ ಬರೆಯಲು ಗ್ರಂಥ ಲಿಪಿಯಿಂದ ಬಂದ ಪ್ರತ್ಯೇಕ ಅಕ್ಷರವಿದೆ. ಇದು ತಮಿಳಿನ ಕೊರತೆಯಲ್ಲ, ಅದರ ಜಾಣತನ. ‘ತಂಗಂ’ ಎಂಬಲ್ಲಿ ಅನುನಾಸಿಕದ ನಂತರ ಬರುವ ಕಕಾರವನ್ನು ‘ಗ’ ಎಂದೇ ಓದಬೇಕು ಎಂಬುದು ತಮಿಳರಿಗೆ ಹುಟ್ಟಿನಿಂದ ಗೊತ್ತು. ಕನ್ನಡದ ಆದೇಶ ಸಂಧಿಗೆ ಈ ನಿಯಮ ದಾಯಾದಿಯಾಗಬೇಕು. ಆದರೆ ಗಣಕಯಂತ್ರಕ್ಕೆ ಇದನ್ನು ಬಿಡಿಸಿ ಹೇಳಬೇಕಲ್ಲ! ಲೆಕ್ಕ ಹಾಕಿ ನೋಡಿದರೆ ಕನ್ನಡದ 34 ವ್ಯಂಜನಗಳಲ್ಲಿ 20 ಅಕ್ಷರಗಳು 256 ಕಳೆಯುವ ನಿಯಮಕ್ಕೆ ಒಗ್ಗುತ್ತವೆ. ಉಳಿದ 14 ಒಗ್ಗುವುದಿಲ್ಲ. ಅವನ್ನು ಸ್ಥೂಲವಾಗಿ ಹೀಗೆ ಪಟ್ಟಿ ಮಾಡಬಹುದು:

ಕ : ಖ, ಗ, ಘ
ಚ : ಛ, ಝ
ಟ : ಠ, ಡ, ಢ
ತ : ಥ, ದ, ಧ
ಪ : ಫ, ಬ, ಭ

ಇದು ಪ್ರೋಗ್ರಾಮಲ್ಲ, ಬರೀ ಪಟ್ಟಿ. ವ್ಯಾಕರಣ ಬಲ್ಲ, ಆದರೆ ಗಣಕಯಂತ್ರ ಮುಟ್ಟಿಯೇ ನೋಡದ ಪಂಡಿತರೂ ಇದನ್ನು ಓದಿ ತಿದ್ದಬಲ್ಲರು. ಈಗ ಮೆಟಾಪ್ರೋಗ್ರಾಮಿಂಗಿನ ಸರದಿ. ತಹಸೀಲ್ದಾರರ ಕಚೇರಿಯಲ್ಲಿ ಅಚ್ಚು ಹಾಕಿದ ಅರ್ಜಿ ನಮೂನೆ ಇರುತ್ತದಲ್ಲ, ಹೆಸರು, ಊರು ತುಂಬಲು ಖಾಲಿ ಜಾಗ ಬಿಟ್ಟದ್ದು? ಅಂಥದೇ ಒಂದು ನಮೂನೆಯನ್ನು ಪ್ರೋಗ್ರಾಮಿನಲ್ಲಿ ಬರೆಯುತ್ತಾರೆ:

ತಮಿಳು(____) = ____

ಎಲಿಕ್ಸಿರ್ ಭಾಷೆಯಲ್ಲಿ ಇದಕ್ಕೆ ಎರಡು ಪದಗಳಿವೆ. ‘ಕೋಟ್’ ಎಂದರೆ, ಈ ಸಾಲನ್ನು ಈಗಲೇ ನಡೆಸಬೇಡ, ನಮೂನೆಯಾಗಿ ಇಟ್ಟುಕೋ ಎಂದರ್ಥ. ‘ಅನ್‌ಕೋಟ್’ ಎಂದರೆ, ಈ ಖಾಲಿ ಜಾಗದಲ್ಲಿ ಬೆಲೆ ತುಂಬು ಎಂದರ್ಥ. ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದುತ್ತ, ಎಡಗಡೆಯ ಅಕ್ಷರವನ್ನೂ ಬಲಗಡೆಯ ಅಕ್ಷರವನ್ನೂ ನಮೂನೆಯಲ್ಲಿ ತುಂಬುತ್ತ ಹೋಗು ಎಂದು ಎರಡು ಮೂರು ಸಾಲಿನ ಆಜ್ಞೆ ಕೊಟ್ಟರೆ, ಯಂತ್ರವೇ ಮುಂದಿನದನ್ನು ಬರೆದುಕೊಳ್ಳುತ್ತದೆ:

ತಮಿಳು(3222) = 2965
ತಮಿಳು(3223) = 2965
ತಮಿಳು(3224) = 2965

ಹೀಗೆ 14 ಸಾಲುಗಳು. ಕೊನೆಗೆ ಮನುಷ್ಯ ಬರೆಯುವುದು ಒಂದೇ ಸಾಲು:

ತಮಿಳು(ಸಂ) = ಸಂ − 256

ಅಪವಾದಗಳು ಮೊದಲು, ಸಾಮಾನ್ಯ ನಿಯಮ ಕೊನೆಗೆ. ಯಂತ್ರ ಮೇಲಿನಿಂದ ಕೆಳಕ್ಕೆ ಹುಡುಕುತ್ತ ಬಂದು, ಮೊದಲು ಹೊಂದಿದ ಸಾಲನ್ನು ಹಿಡಿಯುತ್ತದೆ. ಸಾಮಾನ್ಯ ನಿಯಮವನ್ನು ಮೇಲೆ ಬರೆದುಬಿಟ್ಟರೆ ಕೆಳಗಿನ ಅಪವಾದಗಳಿಗೆ ಸರದಿಯೇ ಬರದು.

ಜಾಣ ವಿದ್ಯಾರ್ಥಿ ಇಲ್ಲೊಂದು ಪ್ರಶ್ನೆ ಕೇಳಬಹುದು. ಸಾಲುಗಳನ್ನು ಬರೆಸುವುದೇಕೆ, ಬೇಕಾದಾಗ ಆ ಪಟ್ಟಿಯನ್ನೇ ತೆರೆದು ನೋಡಿದರೆ ಸಾಲದೆ? ಸಾಕು. 14 ಅಕ್ಷರಕ್ಕೆ ಅಷ್ಟೇ ಸಾಕು. ಆದರೆ ಪಟ್ಟಿ ಸಾವಿರ ಸಾಲಿನದಾದಾಗ, ದಿನಕ್ಕೆ ಲಕ್ಷಾಂತರ ಸಲ ನೋಡಬೇಕಾದಾಗ, ಪರೀಕ್ಷೆಯ ಹಾಲಿನಲ್ಲಿ ಕುಳಿತು ಪುಸ್ತಕ ತೆರೆಯುವುದಕ್ಕೂ ಮೊದಲೇ ಓದಿಕೊಂಡು ಹೋಗುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಕಾಣುತ್ತದೆ. ಸಾಲುಗಳು ತಯಾರಾಗುವುದು ಕಂಪೈಲ್ ಹಂತದಲ್ಲಿ, ಅಂದರೆ ಪ್ರೋಗ್ರಾಮು ಓಡುವುದಕ್ಕೆ ಮೊದಲು, ಒಂದೇ ಸಲ. ಜೊತೆಗೆ ಇನ್ನೊಂದು ಲಾಭ. ಒಂದೇ ಅಕ್ಷರವನ್ನು ಮರೆತು ಪಟ್ಟಿಯಲ್ಲಿ ಎರಡು ಕಡೆ ಬರೆದಿದ್ದರೆ, ಈ ಸಾಲಿಗೆ ಸರದಿಯೇ ಬರುವುದಿಲ್ಲವಲ್ಲ ಎಂದು ಕಂಪೈಲರ್ ಅಲ್ಲೇ ಎಚ್ಚರಿಸುತ್ತದೆ.

ಇದು ಕೇವಲ ಪಾಠದ ಉದಾಹರಣೆಯಲ್ಲ. ಎಲಿಕ್ಸಿರ್ ಭಾಷೆಯ ಒಳಗೇ ಹೀಗೆ ಮಾಡಿದ್ದಾರೆ. ಇಂಗ್ಲಿಷು, ಗ್ರೀಕು, ರಷ್ಯನ್ನಿನಂಥ ಭಾಷೆಗಳ ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವ ಅದರ ಫಲನದ ನೂರಾರು ಸಾಲುಗಳನ್ನು ಯಾರೂ ಕೂತು ಟೈಪು ಮಾಡಿಲ್ಲ. ಯೂನಿಕೋಡ್ ಸಂಸ್ಥೆ ಪ್ರಕಟಿಸುವ ಅಕ್ಷರ ಪಟ್ಟಿಯ ಕಡತವನ್ನು ಓದಿ, ಕಂಪೈಲ್ ಹಂತದಲ್ಲಿ ಆ ಸಾಲುಗಳು ತಾವಾಗಿ ಸೃಷ್ಟಿಯಾಗುತ್ತವೆ. ಹೊಸ ಲಿಪಿಯೊಂದು ಯೂನಿಕೋಡಿಗೆ ಸೇರಿದರೆ ಹೊಸ ಪಟ್ಟಿಯನ್ನು ತಂದಿಟ್ಟು ಮತ್ತೊಮ್ಮೆ ಕಂಪೈಲ್ ಮಾಡಿದರಾಯಿತು. ಪ್ರೋಗ್ರಾಮು ತನ್ನನ್ನು ತಾನೇ ಬರೆದುಕೊಳ್ಳಬಹುದು ಎಂಬ ಈ ಯೋಚನೆ ಬಹಳ ಹಳೆಯದು. ಲಿಸ್ಪ್ ಭಾಷೆಯಲ್ಲಿ ಪ್ರೋಗ್ರಾಮನ್ನೂ ಮಾಹಿತಿಯನ್ನೂ ಆವರಣ ಚಿಹ್ನೆಗಳೊಳಗಿನ ಪಟ್ಟಿಯಾಗಿಯೇ ಬರೆಯುವುದರಿಂದ, ಒಂದು ಪ್ರೋಗ್ರಾಮು ಇನ್ನೊಂದನ್ನು ಮಾಹಿತಿಯಂತೆ ಜೋಡಿಸಬಲ್ಲದು. 1963ರಲ್ಲಿ ಟಿಮತಿ ಹಾರ್ಟ್ ಲಿಸ್ಪ್‌ಗೆ ಮ್ಯಾಕ್ರೊ ಸೌಲಭ್ಯವನ್ನು ಸೂಚಿಸಿದರು. ಎಲಿಕ್ಸಿರ್‌ನ ಕೋಟ್, ಅನ್‌ಕೋಟ್ ಅದರ ಮರಿಮಕ್ಕಳು.

ತಪ್ಪೂ ಗುಣಿಸುತ್ತದೆ

ಜಿಗ್ಗಿನ ಎಚ್ಚರಿಕೆಯನ್ನು ಈಗ ನೆನೆಯಬೇಕು. ಪಟ್ಟಿ ಬರೆಯುವಾಗ ‘ಬ’ ಅಕ್ಷರವನ್ನು ‘ಪ’ ಸಾಲಿನ ಬದಲು ‘ತ’ ಸಾಲಿಗೆ ಸೇರಿಸಿದರೆಂದುಕೊಳ್ಳಿ. ಆಗ ತಮಿಳಿನಲ್ಲಿ ಎಲ್ಲೆಲ್ಲಿ ಬಂಗಾರಪೇಟೆ ಬರಬೇಕೋ ಅಲ್ಲೆಲ್ಲ ‘ತಂಗಾರಪೇಟೆ’ ಎಂದು ಬೀಳುತ್ತದೆ. ತಮಾಷೆಯೆಂದರೆ ತಮಿಳಿನಲ್ಲಿ ಚಿನ್ನಕ್ಕೆ ‘ತಂಗಂ’ ಎನ್ನುತ್ತಾರೆ. ಓದಿದವರಿಗೆ ಇದು ಯಾರೋ ಬೇಕೆಂದೇ ಮಾಡಿದ ಅನುವಾದದಂತೆ ಕಂಡು, ತಪ್ಪೆಂದು ಹೊಳೆಯದೆಯೂ ಹೋಗಬಹುದು! ಕಣ್ಣಿಗೆ ರಾಚುವ ತಪ್ಪಿಗಿಂತ ಸರಿಯಂತೆ ಕಾಣುವ ತಪ್ಪು ಅಪಾಯಕಾರಿ. ಆದ್ದರಿಂದ ಸಾಲುಗಳನ್ನು ಯಂತ್ರದಿಂದ ಬರೆಸುವವರು ಎರಡು ಕೆಲಸ ತಪ್ಪದೆ ಮಾಡಬೇಕು. ಯಂತ್ರ ಬರೆದದ್ದನ್ನು ಒಮ್ಮೆ ತೆರೆದು ಓದಬೇಕು. ಉತ್ತರ ಮೊದಲೇ ಗೊತ್ತಿರುವ ಹತ್ತಾರು ಪದಗಳನ್ನು ಕೊಟ್ಟು ಪರೀಕ್ಷಿಸಬೇಕು.

ಇನ್ನೂ ಒಂದು ಮಿತಿಯಿದೆ. ಪ್ರೋಗ್ರಾಮು ತಿರುಗಿಸುವುದು ಲಿಪಿಯನ್ನು, ಭಾಷೆಯನ್ನಲ್ಲ. ನಿಯಮದ ಪ್ರಕಾರ ‘ಬಂಗಾರಪೇಟೆ’ ತೆಲುಗು ಲಿಪಿಯಲ್ಲಿ ಒಂದಕ್ಷರವೂ ಲೋಪವಾಗದೆ ಮೂಡುತ್ತದೆ. ಆದರೆ ತೆಲುಗಿನವರು ಹೇಳುವುದು ‘ಪೇಟ’ ಎಂದು, ತಮಿಳಿನವರು ‘ಪೇಟ್ಟೈ’ ಎಂದು. ಅದು 128, 256 ಕಳೆಯುವುದರಿಂದ ಸಿಗುವ ಜ್ಞಾನವಲ್ಲ.

ಹಿಂದಿರುಗುವ ದಾರಿ ಇಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದಿಂದ ತೆಲುಗಿಗೆ ಹೋದ ಹೆಸರನ್ನು ಮತ್ತೆ ಕನ್ನಡಕ್ಕೆ ತರುವುದು ಸುಲಭ. 128 ಕಳೆದಲ್ಲಿ 128 ಕೂಡಿದರಾಯಿತು. ಒಂದಕ್ಕೆ ಒಂದೇ ಹೊಂದಿಕೆಯಾದ್ದರಿಂದ ಈ ಫಲನಕ್ಕೆ ವಿಲೋಮ ಫಲನವಿದೆ. ಆದರೆ ತಮಿಳಿನಿಂದ ಕನ್ನಡಕ್ಕೆ 256 ಕೂಡಿದರೆ ಸಾಕೆ?

ತಮಿಳಿನಲ್ಲಿ ಬರೆದ ‘ಗೋಪಾಲ್’ ಎಂಬ ಹೆಸರು ತೆಗೆದುಕೊಳ್ಳಿ. ಅಲ್ಲಿ ಮೊದಲಕ್ಷರ ಕವರ್ಗದ ಒಂದೇ ಅಕ್ಷರ, ನಡುವಿನದು ಪವರ್ಗದ ಒಂದೇ ಅಕ್ಷರ. 256 ಕೂಡಿ ಕನ್ನಡಕ್ಕೆ ತಂದರೆ ‘ಕೋಪಾಲ್’ ಎಂದಾಗುತ್ತದೆ. ಗೋವು ಕಾಯುವವನು ಕೋಪ ಕಾಯುವವನಾದ! ನಿಜವಾಗಿ ಮೊದಲಕ್ಷರ ಕ, ಖ, ಗ, ಘ ನಾಲ್ಕರಲ್ಲಿ ಯಾವುದೂ ಆಗಿರಬಹುದು. ನಡುವಿನದು ಪ, ಫ, ಬ, ಭ ನಾಲ್ಕರಲ್ಲಿ ಯಾವುದೂ ಆಗಿರಬಹುದು. ಅಂದರೆ 16 ಸಾಧ್ಯತೆಗಳು. ಅವುಗಳಲ್ಲಿ ಆ ಮನುಷ್ಯನ ಹೆಸರು ಒಂದು ಮಾತ್ರ. ನಾಲ್ಕು ಬೆಲೆಗಳು ಒಂದಕ್ಕೆ ಸೇರುವ ಫಲನಕ್ಕೆ ವಿಲೋಮವಿಲ್ಲ ಎಂದು ಪಿಯುಸಿ ಗಣಿತದಲ್ಲಿ ಓದುವ ಮಾತು ಇಲ್ಲಿ ಒಬ್ಬರ ರೇಷನ್ ಕಾರ್ಡಿನ ಮೇಲೆ ಬಂದು ಕೂರುತ್ತದೆ.

ಎರಡು ಮೂರು ಭಾಷೆಗಳ ಗಡಿಯಲ್ಲಿ ಬಾಳುವ ಕುಟುಂಬಗಳಿಗೆ ಇದು ಬರೀ ತಮಾಷೆಯಲ್ಲ. ಶಾಲೆಯ ವರ್ಗಾವಣೆ ಪತ್ರದಲ್ಲಿ ಅಪ್ಪನ ಹೆಸರು ಒಂದು ಥರ, ಮತದಾರರ ಪಟ್ಟಿಯಲ್ಲಿ ಇನ್ನೊಂದು ಥರ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಥರ ಇದ್ದರೆ ಮೂವರೂ ಒಬ್ಬನೇ ಎಂದು ಸಾಬೀತುಪಡಿಸಲು ನೋಟರಿಯ ಬಳಿ ಅಫಿಡವಿಟ್ ಮಾಡಿಸಬೇಕಾಗುತ್ತದೆ. ಒಂದು ದಿನದ ಕೂಲಿ ಹೋಗುತ್ತದೆ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವೂ ಮೀರಬಹುದು. ಒಬ್ಬ ಗುಮಾಸ್ತ ಕೈಯಲ್ಲಿ ಬರೆಯುವಾಗ ತಪ್ಪಿದರೆ ಒಬ್ಬರ ಹೆಸರು ಕೆಡುತ್ತಿತ್ತು. ನಿಯಮವೇ ತಪ್ಪಿದ್ದರೆ ಆ ಪಟ್ಟಿಯಲ್ಲಿರುವ ಗೋಪಾಲರೆಲ್ಲ ಒಂದೇ ಘಳಿಗೆಯಲ್ಲಿ ಕೋಪಾಲರಾಗುತ್ತಾರೆ.

ಇದಕ್ಕೆ ಪರಿಹಾರವೇನು? ಹೆಸರುಗಳ ಇನ್ನೊಂದು ಪಟ್ಟಿ ಮಾಡಿ, ಅದರಿಂದ ಇನ್ನಷ್ಟು ಸಾಲುಗಳನ್ನು ಬರೆಸಬಹುದು. ಅನುನಾಸಿಕದ ನಂತರದ ಕಕಾರವನ್ನು ಗಕಾರ ಮಾಡುವಂಥ ನಿಯಮಗಳನ್ನೂ ಸೇರಿಸಬಹುದು. ಅದರಿಂದ ತಪ್ಪು ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಒಮ್ಮೆ ಕಳೆದುಹೋದ ಮಾಹಿತಿಯನ್ನು ಯಾವ ನಿಯಮವೂ, ನಿಯಮ ಬರೆಯುವ ಯಾವ ನಿಯಮವೂ ಮರಳಿ ತಾರದು. ಸರಿಯಾದ ಪ್ರೋಗ್ರಾಮು ಮಾಡಬೇಕಾದ್ದು ಒಂದೇ. ಖಚಿತವಿಲ್ಲದ ಕಡೆ ಊಹಿಸಿ ಮುಂದೆ ಹೋಗದೆ ನಿಲ್ಲಬೇಕು, ಆ ಹೆಸರಿನವರನ್ನೇ ಕೇಳಬೇಕು.

ತಂದೆತಾಯಿಗಳಿಗೆ ಎರಡು ಮಾತು

ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ ಎಂದರೆ ರೆಕಾರ್ಡ್ ಪುಸ್ತಕದ ತುಂಬ ಪ್ರೋಗ್ರಾಮುಗಳನ್ನು ನಕಲು ಮಾಡಿರುವುದೇ ಸಾಕ್ಷಿ ಎಂದು ಅನೇಕ ತಂದೆತಾಯಿಗಳು ತಿಳಿಯುತ್ತಾರೆ. ಪುಟಗಳ ಸಂಖ್ಯೆಯಿಂದ ಕಲಿಕೆಯನ್ನು ಅಳೆಯಲಾಗದು. ಮೂವತ್ತನಾಲ್ಕು ಸಾಲನ್ನು ಒಂದು ಸಾಲಾಗಿಸಿದ ಹುಡುಗಿಯ ಪುಸ್ತಕ ತೆಳ್ಳಗಿರುತ್ತದೆ, ಆದರೆ ಅವಳಿಗೆ ವಿಷಯ ತಿಳಿದಿದೆ ಎಂದೇ ಅರ್ಥ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಮಾತಿನಲ್ಲಿ ಹೇಳಿದರೆ ಐನೂರು ಸಾಲು ಬರೆದು ಕೊಡುತ್ತವೆ. ಹಾಗಿರುವಾಗ ಇದನ್ನೆಲ್ಲ ಕಲಿಯುವುದೇಕೆ ಎಂದು ಮಕ್ಕಳು ಕೇಳುವುದು ಸಹಜ. ಐನೂರು ಸಾಲು ಸುಲಭವಾಗಿ ಸಿಕ್ಕಿತೆಂದ ಮಾತ್ರಕ್ಕೆ ಐನೂರು ಸಾಲು ಇರಲೇಬೇಕೆಂದಿಲ್ಲ. ಮುಂದೆ ಅವನ್ನು ಓದಿ ತಿದ್ದಬೇಕಾದವರು ಮನುಷ್ಯರೇ. ಮೇಲಿನ ಐದು ಸಾಲಿನ ಪಟ್ಟಿ, ಒಂದು ನಮೂನೆ, ಒಂದು ನಿಯಮ ಎದುರಿಗಿದ್ದರೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಐನೂರು ಸಾಲಿನಲ್ಲಿ ಹುದುಗಿದ ತಪ್ಪಿಗೆ ಬೆರಳಿಡುವುದು ಕಷ್ಟ.

ಪುನರಾವರ್ತನೆ ಕಂಡಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದರಲ್ಲಿ ಬದಲಾಗದೆ ಉಳಿಯುವುದು ಯಾವುದು? ಬದಲಾಗುವುದು ಯಾವುದು? ನಿಯಮಕ್ಕೆ ಒಗ್ಗದೆ ಉಳಿಯುವುದು ಯಾವುದು? ಮೊದಲನೆಯದು ನಮೂನೆಯಾಗುತ್ತದೆ, ಎರಡನೆಯದು ಪಟ್ಟಿಯಾಗುತ್ತದೆ. ಮೂರನೆಯದರ ಉತ್ತರ ಕೆಲವೊಮ್ಮೆ ಪುಸ್ತಕದಲ್ಲಿ ಸಿಗುತ್ತದೆ, ಕೆಲವೊಮ್ಮೆ ಮನುಷ್ಯರನ್ನೇ ಕೇಳಬೇಕಾಗುತ್ತದೆ.

ಮನೆಯಲ್ಲಿ ಮಾಡಿ ನೋಡಲು ಒಂದು ಲೆಕ್ಕ. ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಮೇಲಿನ 14 ಅಕ್ಷರಗಳಲ್ಲಿ ಎಷ್ಟು ಅದರಲ್ಲಿವೆ ಎಂದು ಎಣಿಸಿ. ಒಂದೂ ಇಲ್ಲದಿದ್ದರೂ ನಿಶ್ಚಿಂತೆ ಎಂದುಕೊಳ್ಳಬೇಡಿ. ಕ, ಚ, ಟ, ತ, ಪಗಳಿದ್ದರೆ ತಮಿಳಿನಿಂದ ಹಿಂದಿರುಗುವಾಗ ಅವೂ ಸಂಶಯಕ್ಕೆ ಒಳಗಾಗುತ್ತವೆ. ಯಾವ ಸಂಶಯವೂ ಇಲ್ಲದೆ ಹೋಗಿ ಬರಬಲ್ಲ ವ್ಯಂಜನಗಳು ಯಾವುವು, ಎಷ್ಟು? ಪಟ್ಟಿ ಮಾಡಿ. ಪಟ್ಟಿ ಮಾಡುವ ನಿಯಮ ಹೊಳೆದರೆ ಇನ್ನೂ ಒಳ್ಳೆಯದು.